ಓದುಗರ ಪ್ರಶ್ನೆ: ಒಪ್ಪುವ ಮ್ಯಾನೇಜರ್, ಸಹಿ ಹಾಕದ ಮ್ಯಾನೇಜರ್

ತೈಲೋದ್ಯಮದ ಹಸಿರು ಪರಿವರ್ತನೆಯನ್ನು ಕುರಿತು ಬಂದ ಪತ್ರಗಳಲ್ಲಿ ಐದನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇವೆ. ಉತ್ತರಿಸಿರುವವರು ತೈಲ ಸಂಸ್ಕರಣೆ ಮತ್ತು ಅನಿಲ ಘಟಕಗಳ ಪರಿಸರ ವಿಭಾಗದಲ್ಲಿ ಬಹಳ ವರ್ಷ ದುಡಿದವರು.

ಪ್ರಶ್ನೆ: ನಾನು ಮ್ಯಾನೇಜ್‌ಮೆಂಟ್ ಸ್ನಾತಕೋತ್ತರ ವಿದ್ಯಾರ್ಥಿನಿ. ತೈಲ ಕಂಪನಿಗಳ ಮಧ್ಯಮ ಹಂತದ ಮ್ಯಾನೇಜರುಗಳಿಗೆ ಹಸಿರು ಪರಿವರ್ತನೆಯ ಬಗ್ಗೆ ಒಂದು ಪ್ರಶ್ನಾವಳಿ ಕಳುಹಿಸಿದ್ದೆ. ಹೆಚ್ಚುಕಡಿಮೆ ಎಲ್ಲರೂ ‘ಸಂಪೂರ್ಣವಾಗಿ ಒಪ್ಪುತ್ತೇನೆ’ ಎಂಬ ಚೌಕಕ್ಕೇ ಗುರುತು ಹಾಕಿ ಕಳುಹಿಸಿದ್ದಾರೆ. ಆದರೆ ಅವೇ ಕಂಪನಿಗಳ ವಾರ್ಷಿಕ ವರದಿ ತೆರೆದರೆ ಹಣವೆಲ್ಲ ಹೊಸ ಬಾವಿಗಳಿಗೆ ಹೋಗಿರುವುದು ಕಾಣುತ್ತದೆ. ಅವರು ಸುಳ್ಳು ಹೇಳುತ್ತಿದ್ದಾರೆಯೇ ಅಥವಾ ನನ್ನ ಪ್ರಶ್ನಾವಳಿಯೇ ಸರಿಯಿಲ್ಲವೇ?

ಉತ್ತರ: ಅವರಲ್ಲಿ ಹೆಚ್ಚಿನವರು ಸುಳ್ಳು ಹೇಳುತ್ತಿಲ್ಲ ಎಂದೇ ನನ್ನ ಅನಿಸಿಕೆ. ಪ್ರಶ್ನಾವಳಿಯಲ್ಲಿ ಒಂದು ದೋಷವಿರಬಹುದು, ಆದರೆ ಅದು ನೀವು ಅಂದುಕೊಂಡಿರುವ ಜಾಗದಲ್ಲಿಲ್ಲ.

ಮೊದಲಿಗೆ ‘ಹಸಿರು’ ಎಂಬ ಪದವನ್ನೇ ನೋಡಿ. ಪಂಪಿನ ಮೋಟಾರು ಬದಲಿಸಿ ವಿದ್ಯುತ್ ಉಳಿಸುವುದೂ ಹಸಿರು, ಆಡಳಿತ ಕಟ್ಟಡದ ಚಾವಣಿಗೆ ಸೌರಫಲಕ ಹಾಕಿಸುವುದೂ ಹಸಿರು, ಸೋರುತ್ತಿರುವ ಮೀಥೇನ್ (ನೈಸರ್ಗಿಕ ಅನಿಲದ ಮುಖ್ಯ ಅಂಶ) ತಡೆಯುವುದೂ ಹಸಿರು, ಇನ್ನು ಇಪ್ಪತ್ತು ವರ್ಷಗಳಲ್ಲಿ ಎಣ್ಣೆ ಮಾರುವುದನ್ನೇ ಬಿಟ್ಟು ಬೇರೇನಾದರೂ ಮಾರುವುದೂ ಹಸಿರು. ಮೊದಲ ಮೂರನ್ನು ಯಾವ ಮ್ಯಾನೇಜರೂ ವಿರೋಧಿಸುವುದಿಲ್ಲ. ನಾಲ್ಕನೆಯದು ಅವರ ಕೈಯಲ್ಲಿಲ್ಲ. ನಿಮ್ಮ ಪ್ರಶ್ನೆ ಈ ನಾಲ್ಕನ್ನೂ ಒಂದೇ ಬುಟ್ಟಿಗೆ ಹಾಕಿ ಕೇಳಿದ್ದರೆ, ಉತ್ತರ ಕೊಟ್ಟವರು ತಮಗೆ ಸುಲಭವಾದ ಅರ್ಥವನ್ನು ಎತ್ತಿಕೊಂಡು ಮನಃಪೂರ್ವಕವಾಗಿಯೇ ಒಪ್ಪಿರುತ್ತಾರೆ. ಆದರೆ ಒಂದು ಪೀಪಾಯಿ ತೈಲದ ಒಟ್ಟು ಹೊರಸೂಸುವಿಕೆಯಲ್ಲಿ ಸುಮಾರು ಐದರಲ್ಲಿ ನಾಲ್ಕು ಪಾಲು ಉಂಟಾಗುವುದು ಅದನ್ನು ಕೊಂಡವರು ಉರಿಸಿದಾಗ. ತೆಗೆಯುವಾಗ, ಸಾಗಿಸುವಾಗ, ಸಂಸ್ಕರಿಸುವಾಗ ಉಂಟಾಗುವುದು ಉಳಿದ ಒಂದು ಪಾಲು. ನಿಮ್ಮ ಮ್ಯಾನೇಜರುಗಳು ಒಪ್ಪಿರುವುದು ಈ ಒಂದು ಪಾಲಿನ ಬಗ್ಗೆ, ನೀವು ವಾರ್ಷಿಕ ವರದಿಯಲ್ಲಿ ಹುಡುಕುತ್ತಿರುವುದು ಆ ನಾಲ್ಕು ಪಾಲಿನ ಗುರುತನ್ನು.

ಹಣದ ವಿಷಯದಲ್ಲಿ ನಿಮ್ಮ ಅನುಮಾನ ಸರಿಯಾಗಿಯೇ ಇದೆ. ಅಂತರರಾಷ್ಟ್ರೀಯ ಇಂಧನ ಸಂಸ್ಥೆ 2023ರ ನವೆಂಬರ್‌ನಲ್ಲಿ ಹೊರತಂದ ವರದಿಯ ಪ್ರಕಾರ, ತೈಲ ಮತ್ತು ಅನಿಲ ಉದ್ಯಮವು 2022ರಲ್ಲಿ ತನ್ನ ಬಂಡವಾಳ ವೆಚ್ಚದ ಸುಮಾರು ಶೇ 2.5ರಷ್ಟನ್ನು ಮಾತ್ರ ಶುದ್ಧ ಇಂಧನಕ್ಕೆ ತೊಡಗಿಸಿತ್ತು. ಅದರಲ್ಲೂ ಅರ್ಧಕ್ಕಿಂತ ಹೆಚ್ಚು ಪಾಲು ಇಕ್ವಿನಾರ್, ಟೋಟಲ್‌ಎನರ್ಜೀಸ್, ಶೆಲ್ ಮತ್ತು ಬಿಪಿ ಎಂಬ ನಾಲ್ಕೇ ಕಂಪನಿಗಳದ್ದು.

ಹಾಗಾದರೆ ಮನೋಭಾವವನ್ನು ಅಳೆಯುವುದೇ ವ್ಯರ್ಥವೇ? ಹಾಗೇನಲ್ಲ. ಈ ಉದ್ಯಮದಲ್ಲಿ ಮನೋಭಾವ ಒಮ್ಮೆ ನಿಜವಾಗಿಯೂ ಬದಲಾಗಿದೆ, ಅದು ಹೇಗೆ ಬದಲಾಯಿತು ಎಂಬುದು ನಿಮ್ಮ ಪ್ರಬಂಧಕ್ಕೆ ಉಪಯೋಗವಾಗಬಹುದು. 1988ರ ಜುಲೈ 6ರಂದು ಉತ್ತರ ಸಮುದ್ರದ ಪೈಪರ್ ಆಲ್ಫಾ ತೈಲ ವೇದಿಕೆ ಸ್ಫೋಟಗೊಂಡು 167 ಮಂದಿ ಸತ್ತರು. ಅದಕ್ಕೆ ಮೊದಲು ‘ಸುರಕ್ಷತೆ ನಿಮಗೆ ಮುಖ್ಯವೇ’ ಎಂದು ಕೇಳಿದ್ದರೆ ಯಾವ ಮ್ಯಾನೇಜರೂ ಇಲ್ಲ ಎನ್ನುತ್ತಿರಲಿಲ್ಲ. ಆ ರಾತ್ರಿ ವೇದಿಕೆಯಲ್ಲಿ ಒಂದು ಪಂಪಿನ ಸುರಕ್ಷತಾ ವಾಲ್ವನ್ನು ದುರಸ್ತಿಗೆಂದು ಬಿಚ್ಚಿಡಲಾಗಿತ್ತು. ಆ ಸುದ್ದಿ ಮುಂದಿನ ಪಾಳಿಯವರಿಗೆ ಸರಿಯಾಗಿ ತಲುಪದೆ ಅದೇ ಪಂಪನ್ನು ಚಾಲೂ ಮಾಡಲಾಯಿತು. ಮುಖ್ಯ ಎಂದು ಎಲ್ಲರೂ ನಂಬಿದ್ದ ಸಂಗತಿ ಒಂದು ಚೀಟಿಯ ಮಟ್ಟದಲ್ಲಿ ಸೋತುಹೋಗಿತ್ತು. 1990ರಲ್ಲಿ, ದುರಂತದ ತನಿಖೆ ನಡೆಸಿದ ಲಾರ್ಡ್ ಕಲ್ಲೆನ್ ಸಮಿತಿ 106 ಶಿಫಾರಸುಗಳನ್ನು ಮಾಡಿತು. ಅದರ ನಂತರ ಬಂದ ನಿಯಮಗಳು, ಪ್ರತಿ ವೇದಿಕೆಯ ಅಪಾಯಗಳನ್ನು ಗುರುತಿಸಿ ಅವುಗಳನ್ನು ಹೇಗೆ ನಿಭಾಯಿಸುತ್ತೇವೆಂದು ಬರೆದುಕೊಡುವ ಹೊಣೆಯನ್ನು ನಡೆಸುವವರ ಮೇಲೆಯೇ ಹೊರಿಸಿದವು. ಇಂದು ತೈಲ ಕಂಪನಿಗಳಲ್ಲಿ ಎಷ್ಟೋ ಸಭೆಗಳು ಶುರುವಾಗುವುದೇ ಸುರಕ್ಷತೆಯ ಕುರಿತ ಎರಡು ಮಾತಿನಿಂದ. ಅದು ಈಗ ಬಾಯುಪಚಾರವಾಗಿ ಉಳಿದಿಲ್ಲ, ಅಭ್ಯಾಸವೇ ಆಗಿಬಿಟ್ಟಿದೆ. ಹೊಣೆ ಮೊದಲು ಬಂತು, ಮನೋಭಾವ ಅದರ ಹಿಂದೆ ಬಂತು.

ಆದ್ದರಿಂದ ನಿಮ್ಮ ಎರಡನೆಯ ಸುತ್ತಿನಲ್ಲಿ ‘ಒಪ್ಪುತ್ತೀರಾ’ ಎಂದು ಕೇಳಬೇಡಿ. ಕಳೆದ ಬಜೆಟ್‌ನಲ್ಲಿ ನೀವು ಸಹಿ ಹಾಕಿದ ಹೊರಸೂಸುವಿಕೆ ತಗ್ಗಿಸುವ ಪ್ರಸ್ತಾವ ಯಾವುದು, ತಿರಸ್ಕರಿಸಿದ್ದು ಯಾವುದು, ತಿರಸ್ಕರಿಸಿದ್ದಕ್ಕೆ ಕಡತದಲ್ಲಿ ಬರೆದ ಕಾರಣವೇನು, ನಿಮ್ಮ ಬೋನಸ್‌ನಲ್ಲಿ ಎಷ್ಟು ಪಾಲು ಉತ್ಪಾದನೆಗೆ ಮತ್ತು ಎಷ್ಟು ಪಾಲು ಹೊರಸೂಸುವಿಕೆಗೆ ತಳಕು ಹಾಕಿಕೊಂಡಿದೆ, ಈ ಹುದ್ದೆಯಲ್ಲಿ ಇನ್ನೆಷ್ಟು ವರ್ಷ ಇರುತ್ತೀರಿ ಎಂದು ಕೇಳಿ. ಕೊನೆಯ ಪ್ರಶ್ನೆಗೆ ಬರುವ ಉತ್ತರವನ್ನು ವಿಶೇಷವಾಗಿ ಗಮನಿಸಿ. ಮೂರು ವರ್ಷಕ್ಕೆ ವರ್ಗವಾಗುವ ಮ್ಯಾನೇಜರನೊಬ್ಬ ಏಳು ವರ್ಷಕ್ಕೆ ಫಲ ಕೊಡುವ ಯೋಜನೆಗೆ ಸಹಿ ಹಾಕಿದರೆ, ಖರ್ಚು ಅವನ ಲೆಕ್ಕದಲ್ಲಿ ಕಾಣುತ್ತದೆ, ಉಳಿತಾಯ ಅವನ ನಂತರ ಬಂದವನ ಲೆಕ್ಕದಲ್ಲಿ. ಇಷ್ಟಾದರೂ ಸಹಿ ಹಾಕಿದವರನ್ನು ನಾನು ಕಂಡಿದ್ದೇನೆ, ಆದರೆ ಅವರನ್ನು ಎಣಿಸಲು ಎರಡು ಕೈಯ ಬೆರಳುಗಳು ಬೇಕಾಗಲಿಲ್ಲ.

ಪ್ರಶ್ನೆ: ನಾನು ಅನಿಲ ಘಟಕವೊಂದರಲ್ಲಿ ಶಿಫ್ಟ್ ಎಂಜಿನಿಯರ್. ನಮ್ಮ ಮ್ಯಾನೇಜರ್ ಪ್ರತಿ ಸಭೆಯಲ್ಲಿ ಪರಿಸರವೇ ಮೊದಲು ಎನ್ನುತ್ತಾರೆ. ಆದರೆ ಸೋರುವ ವಾಲ್ವುಗಳನ್ನು ಬದಲಿಸುವ ನಮ್ಮ ಪ್ರಸ್ತಾವ ಮೂರು ವರ್ಷಗಳಿಂದ ಮುಂದಿನ ಶಟ್‌ಡೌನ್‌ಗೆ (ದುರಸ್ತಿಗೆಂದು ಘಟಕ ನಿಲ್ಲಿಸುವ ಅವಧಿಗೆ) ಎಂದು ಮುಂದಕ್ಕೆ ಹೋಗುತ್ತಲೇ ಇದೆ. ಇದು ಬೂಟಾಟಿಕೆಯಲ್ಲವೇ?

ಉತ್ತರ: ಬೂಟಾಟಿಕೆ ಎಂದು ತೀರ್ಮಾನಿಸುವ ಮೊದಲು ನಾನು ಕಣ್ಣಾರೆ ಕಂಡ ಒಂದು ಸಂಗತಿ ಹೇಳುತ್ತೇನೆ.

ನಾನು ಕೆಲಸ ಮಾಡುತ್ತಿದ್ದ ಒಂದು ಘಟಕದಲ್ಲಿ ಪಿಸ್ಟನ್ ಕಂಪ್ರೆಸರಿನ ರಾಡ್ ಪ್ಯಾಕಿಂಗ್ ಸವೆದಿತ್ತು. ಅಂದರೆ, ಹಿಂದಕ್ಕೂ ಮುಂದಕ್ಕೂ ಓಡಾಡುವ ದಂಡದ ಸುತ್ತ ಅನಿಲ ಹೊರಬರದಂತೆ ತಡೆಯುವ ಉಂಗುರಗಳು ತೆಳುವಾಗಿದ್ದವು. ಮೀಥೇನ್‌ಗೆ ಬಣ್ಣವಿಲ್ಲ, ಕಂಪ್ರೆಸರಿನ ಗದ್ದಲದಲ್ಲಿ ಸೋರುವ ಸದ್ದೂ ಕೇಳುವುದಿಲ್ಲ. ಮಾಸಿಕ ವರದಿಯಲ್ಲಿ ಅದು ಒಂದು ಸಾಲಿನ ಅಂದಾಜು ಅಂಕಿ ಮಾತ್ರವಾಗಿತ್ತು, ಮ್ಯಾನೇಜರ್ ಆ ಸಾಲಿನ ಮೇಲೆ ತಿಂಗಳು ತಿಂಗಳೂ ಸಹಿ ಮಾಡುತ್ತಿದ್ದರು. ಒಂದು ದಿನ ಬಾಡಿಗೆಗೆ ತಂದ ಇನ್‌ಫ್ರಾರೆಡ್ ಕ್ಯಾಮೆರಾ ಹಿಡಿದು ತಪಾಸಣೆ ನಡೆಸುತ್ತಿದ್ದಾಗ ಅವರೂ ಬಂದು ನಿಂತರು. ಕ್ಯಾಮೆರಾದ ಪುಟ್ಟ ಪರದೆಯನ್ನು ಅವರತ್ತ ತಿರುಗಿಸಿದೆ. ಬರಿಗಣ್ಣಿಗೆ ಏನೂ ಇಲ್ಲದ ಜಾಗದಿಂದ ಪರದೆಯಲ್ಲಿ ದಟ್ಟ ಕಪ್ಪು ಹೊಗೆಯಂಥದ್ದು ಎಡೆಬಿಡದೆ ಏಳುತ್ತಿತ್ತು. ಅವರು ಒಮ್ಮೆ ಪರದೆಯನ್ನೂ ಒಮ್ಮೆ ಕಂಪ್ರೆಸರನ್ನೂ ನೋಡಿದರು, ಹೀಗೆ ಎಷ್ಟು ದಿನದಿಂದ ಎಂದು ಕೇಳಿದರು. ನಾವು ಕೊಡುತ್ತಿದ್ದ ವರದಿಯಲ್ಲೇ ಅದು ಇತ್ತು ಎಂದು ಹೇಳುವ ಧೈರ್ಯ ನನಗೆ ಆಗಲಿಲ್ಲ. ಬಿಡಿಭಾಗದ ಬೇಡಿಕೆ ಪತ್ರಕ್ಕೆ ಅಂದು ಸಂಜೆಯೇ ಸಹಿ ಬಿತ್ತು.

ಇಷ್ಟೇ ಆಗಿದ್ದರೆ ಒಳ್ಳೆಯ ಕಥೆಯಾಗುತ್ತಿತ್ತು. ಮರುವರ್ಷ ಖರ್ಚು ಕಡಿತದ ಸುತ್ತೋಲೆ ಬಂದಾಗ ಮೊದಲು ಹೋದದ್ದು ಆ ಕ್ಯಾಮೆರಾದ ಬಾಡಿಗೆಯೇ. ಹೊಡೆದುಹಾಕಿದವರು ಅದೇ ಮ್ಯಾನೇಜರ್, ಬೇಸರ ಮಾಡಿಕೊಂಡೇ ಹೊಡೆದುಹಾಕಿದರು. ಉತ್ಪಾದನೆ ಒಂದು ದಿನ ನಿಂತರೆ ಅವರಿಗೆ ಅರ್ಧ ಗಂಟೆಯೊಳಗೆ ಮೇಲಿನಿಂದ ಕರೆ ಬರುತ್ತಿತ್ತು. ತಪಾಸಣೆ ಒಂದು ವರ್ಷ ನಿಂತರೆ ಯಾರೂ ಕೇಳುತ್ತಿರಲಿಲ್ಲ.

ನಿಮ್ಮ ಮ್ಯಾನೇಜರರ ಸ್ಥಿತಿಯೂ ಇದೇ ಇರಬಹುದು. ವಾಲ್ವು ಬದಲಿಸಲು ಆ ಲೈನನ್ನು ಬೇರ್ಪಡಿಸಬೇಕು, ಒಳಗಿನ ಅನಿಲ ಖಾಲಿ ಮಾಡಬೇಕು, ಅದಕ್ಕೆ ಘಟಕ ನಿಲ್ಲಬೇಕು. ದೊಡ್ಡ ಶಟ್‌ಡೌನ್ ಬರುವುದೇ ಕೆಲವು ವರ್ಷಗಳಿಗೊಮ್ಮೆ, ಅದರ ದಿನಗಳನ್ನು ಗಂಟೆಯ ಲೆಕ್ಕದಲ್ಲಿ ಹಂಚಿರುತ್ತಾರೆ. ಕೆಲಸದ ಪಟ್ಟಿಯಲ್ಲಿ ‘ಪರಿಸರ’ ಎಂಬ ಶೀರ್ಷಿಕೆಯಡಿ ಸೇರಿದ್ದು ಕೊನೆಗೆ ಉಳಿದ ಸಮಯಕ್ಕೆ ಕಾಯುತ್ತದೆ, ಆ ಸಮಯ ಉಳಿಯುವುದೇ ಇಲ್ಲ. ಆದ್ದರಿಂದ ನಿಮ್ಮ ಪ್ರಸ್ತಾವವನ್ನು ಬೇರೆ ಶೀರ್ಷಿಕೆಯಡಿ ಬರೆಯಿರಿ. ಸೋರುವ ಅನಿಲ ಮಾರಿದ್ದರೆ ವರ್ಷಕ್ಕೆ ಎಷ್ಟು ಹಣ ಬರುತ್ತಿತ್ತು ಎಂಬ ಲೆಕ್ಕವನ್ನು ಮೊದಲ ಸಾಲಿನಲ್ಲಿಡಿ. ಬೆಂಕಿಯ ಅಪಾಯವನ್ನು ಎರಡನೆಯ ಸಾಲಿನಲ್ಲಿಡಿ. ಮೀಥೇನ್ ವಾತಾವರಣದಲ್ಲಿ ಹನ್ನೆರಡು ವರ್ಷದಷ್ಟೇ ಇರುತ್ತದಾದರೂ, ಇಪ್ಪತ್ತು ವರ್ಷದ ಅವಧಿಗೆ ಲೆಕ್ಕ ಹಾಕಿದರೆ ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 80 ಪಟ್ಟು ಹೆಚ್ಚು ಶಾಖ ಹಿಡಿಯುತ್ತದೆ ಎಂಬುದನ್ನು ಮೂರನೆಯದರಲ್ಲಿಡಿ. ಈ ಕ್ರಮ ನೋಡಿ ನಿಮಗೆ ಬೇಸರವಾಗಬಹುದು, ನನಗೂ ಆಗುತ್ತಿತ್ತು. ಆದರೆ ನನ್ನ ಅನುಭವದಲ್ಲಿ ಹೀಗೆ ಬರೆದ ಪ್ರಸ್ತಾವಗಳು ಮುಂದೂಡಿಕೆಯ ರಾಶಿಯಿಂದ ಬೇಗ ಹೊರಬಂದವು.

ಇನ್ನೊಂದು ಮಾತು. 2023ರ ಡಿಸೆಂಬರ್‌ನಲ್ಲಿ ದುಬೈನ ಹವಾಮಾನ ಸಮ್ಮೇಳನದಲ್ಲಿ ಸುಮಾರು 50 ತೈಲ ಕಂಪನಿಗಳು 2030ರ ಹೊತ್ತಿಗೆ ಮೀಥೇನ್ ಸೋರಿಕೆಯನ್ನು ಶೂನ್ಯದ ಸಮೀಪಕ್ಕೆ ತರುವ, ದಿನನಿತ್ಯದ ಫ್ಲೇರಿಂಗ್ (ಬೇಡದ ಅನಿಲವನ್ನು ಸುಮ್ಮನೆ ಉರಿಸಿಬಿಡುವುದು) ನಿಲ್ಲಿಸುವ ಮಾತು ಕೊಟ್ಟಿವೆ. ನಿಮ್ಮ ಕಂಪನಿ ಆ ಪಟ್ಟಿಯಲ್ಲಿದೆಯೇ ನೋಡಿ. ಇದ್ದರೆ, ಆ ಒಂದು ಸಾಲನ್ನು ಪ್ರಸ್ತಾವದ ತಲೆಬರಹದಲ್ಲಿ ಹಾಕಿ. ಮೇಲಿನವರು ಕೊಟ್ಟ ಮಾತನ್ನು ಕೆಳಗಿನವರು ನೆನಪಿಸಿದಾಗ ಮಧ್ಯದಲ್ಲಿರುವ ಮ್ಯಾನೇಜರಿಗೆ ಸಹಿ ಹಾಕಲು ಒಂದು ಆಸರೆ ಸಿಗುತ್ತದೆ.

ಪ್ರಶ್ನೆ: ದೊಡ್ಡ ದೊಡ್ಡ ತೈಲ ಕಂಪನಿಗಳು ಐದು ವರ್ಷದ ಹಿಂದೆ ಹಸಿರಾಗುತ್ತೇವೆಂದು ಡಂಗುರ ಹೊಡೆದು ಈಗ ಹಿಂದೆ ಸರಿದಿವೆ. ಅವುಗಳ ಮುಖ್ಯಸ್ಥರು ಮೊದಲಿನಿಂದಲೂ ನಾಟಕವಾಡುತ್ತಿದ್ದರೇ?

ಉತ್ತರ: ಬ್ರಿಟನ್ನಿನ ತೈಲ ಕಂಪನಿ ಬಿಪಿಯ ಉದಾಹರಣೆಯನ್ನೇ ತೆಗೆದುಕೊಳ್ಳೋಣ, ಏಕೆಂದರೆ ಅಲ್ಲಿ ದಿನಾಂಕಗಳೇ ಬಹಳಷ್ಟು ಹೇಳುತ್ತವೆ. 2020ರ ಆಗಸ್ಟ್‌ನಲ್ಲಿ, ಕೊರೋನಾ ಕಾಲದಲ್ಲಿ ತೈಲದ ಬೆಲೆ ಕುಸಿದಿದ್ದಾಗ, ಅಂದಿನ ಮುಖ್ಯಸ್ಥ ಬರ್ನಾರ್ಡ್ ಲೂನಿ 2030ರೊಳಗೆ ತೈಲ ಮತ್ತು ಅನಿಲದ ಉತ್ಪಾದನೆಯನ್ನು 2019ರ ಮಟ್ಟಕ್ಕಿಂತ ಶೇ 40ರಷ್ಟು ಇಳಿಸುವುದಾಗಿ ಘೋಷಿಸಿದರು. ಅದೇ ದಿನ ಷೇರುದಾರರ ಲಾಭಾಂಶವನ್ನೂ ಅರ್ಧಕ್ಕೆ ಇಳಿಸಿದರು. 2022ರಲ್ಲಿ ಯುಕ್ರೇನ್ ಯುದ್ಧದಿಂದ ಬೆಲೆ ಗಗನಕ್ಕೇರಿ ಕಂಪನಿ ಸುಮಾರು 2,770 ಕೋಟಿ ಡಾಲರ್‌ಗಳ ದಾಖಲೆ ಲಾಭ ಮಾಡಿತು. 2023ರ ಫೆಬ್ರುವರಿಯಲ್ಲಿ ಆ ಲಾಭವನ್ನು ಪ್ರಕಟಿಸಿದ ದಿನವೇ ಶೇ 40 ಎಂಬುದು ಶೇ 25 ಆಯಿತು. ಲೂನಿ ಬೇರೆ ಕಾರಣಕ್ಕೆ ಹುದ್ದೆ ಬಿಟ್ಟ ಮೇಲೆ ಬಂದ ಮರ‍್ರೆ ಆಕಿನ್‌ಕ್ಲಾಸ್ 2025ರ ಫೆಬ್ರುವರಿಯಲ್ಲಿ ಆ ಗುರಿಯನ್ನೇ ಕೈಬಿಟ್ಟು, ತೈಲ ಮತ್ತು ಅನಿಲಕ್ಕೆ ವರ್ಷಕ್ಕೆ ಸುಮಾರು 1,000 ಕೋಟಿ ಡಾಲರ್ ತೊಡಗಿಸುವುದಾಗಿಯೂ ಹಸಿರು ಹೂಡಿಕೆಯಿಂದ ವರ್ಷಕ್ಕೆ 500 ಕೋಟಿ ಡಾಲರ್‌ಗಿಂತ ಹೆಚ್ಚು ಕಡಿತ ಮಾಡುವುದಾಗಿಯೂ ಹೇಳಿದರು.

ಇದನ್ನು ನಾಟಕ ಎನ್ನಲು ನನಗೆ ಮನಸ್ಸಾಗುವುದಿಲ್ಲ. ನಾಟಕಕ್ಕೆ ಯಾರೂ ಲಾಭಾಂಶವನ್ನು ಅರ್ಧಕ್ಕೆ ಇಳಿಸುವುದಿಲ್ಲ. ಆದರೆ ತೈಲದ ಬೆಲೆ ಬಿದ್ದಾಗ ಹಸಿರಿನ ಮೇಲೆ ನಂಬಿಕೆ ಏರುವುದು, ಬೆಲೆ ಏರಿದಾಗ ನಂಬಿಕೆ ಇಳಿಯುವುದು ಈ ಉದ್ಯಮದ ಹಳೆಯ ಚಾಳಿ. ಬಿಪಿಯೇ 2000ದಲ್ಲಿ ‘ಪೆಟ್ರೋಲಿಯಂ ಆಚೆಗೆ’ ಎಂಬ ಅರ್ಥದ ಘೋಷವಾಕ್ಯ ಇಟ್ಟುಕೊಂಡು ಸೂರ್ಯನಂಥ ಹೊಸ ಲಾಂಛನ ಬರೆಸಿತ್ತು. ಲಾಂಛನ ಈಗಲೂ ಇದೆ, ಆಗಿನ ಸೌರಫಲಕದ ವ್ಯಾಪಾರ ಉಳಿಯಲಿಲ್ಲ. ಶೆಲ್ 2024ರ ಮಾರ್ಚ್‌ನಲ್ಲಿ, ಪ್ರತಿ ಏಕಮಾನ ಇಂಧನಕ್ಕೆ ತಗಲುವ ಇಂಗಾಲವನ್ನು 2030ರೊಳಗೆ ಶೇ 20ರಷ್ಟು ಇಳಿಸುವ ಗುರಿಯನ್ನು ಶೇ 15ರಿಂದ 20 ಎಂದು ಸಡಿಲಿಸಿತು. ಅದಕ್ಕೆ ಆರು ತಿಂಗಳ ಮೊದಲು, ನವೀಕರಿಸಬಹುದಾದ ಇಂಧನದಿಂದ ಹಿಂದೆ ಸರಿಯಬೇಡಿ ಎಂದು ಅದರ ಇಬ್ಬರು ಉದ್ಯೋಗಿಗಳು ಮುಖ್ಯಸ್ಥರಿಗೆ ಬಹಿರಂಗ ಪತ್ರ ಬರೆದಿದ್ದರು. ಮನೋಭಾವ ಅಲ್ಲಿಯೂ ಇತ್ತು, ಆದರೆ ಸಹಿಯ ಅಧಿಕಾರ ಇದ್ದದ್ದು ಬೇರೆಡೆ.

ಇದಕ್ಕೆ ಎದುರಾಗಿ ಡೆನ್ಮಾರ್ಕಿನ ಕಂಪನಿಯೊಂದನ್ನು ನೋಡಿ. ಡಾಂಗ್ ಎಂಬ ಅದರ ಹಳೆಯ ಹೆಸರಿನ ವಿಸ್ತಾರವೇ ಡೇನಿಷ್ ತೈಲ ಮತ್ತು ನೈಸರ್ಗಿಕ ಅನಿಲ ಎಂದಿತ್ತು. ಜರ್ಮನಿಯಲ್ಲಿ ಅದು ಕಟ್ಟಬೇಕೆಂದಿದ್ದ ಕಲ್ಲಿದ್ದಲು ವಿದ್ಯುತ್ ಸ್ಥಾವರಕ್ಕೆ ಸ್ಥಳೀಯರ ತೀವ್ರ ವಿರೋಧ ಬಂದು ಯೋಜನೆ 2009ರಲ್ಲಿ ಬಿದ್ದುಹೋಯಿತು. ಆ ಹೊತ್ತಿಗೆ ಕಂಪನಿ ತಯಾರಿಸುತ್ತಿದ್ದ ವಿದ್ಯುತ್ ಮತ್ತು ಶಾಖದಲ್ಲಿ ಶೇ 85ರಷ್ಟು ಪಳೆಯುಳಿಕೆ ಇಂಧನದ್ದು. ಅದನ್ನು ತಿರುಗುಮುರುಗು ಮಾಡಿ ಶೇ 85ರಷ್ಟು ಹಸಿರು ಮಾಡುವುದಕ್ಕೆ ಒಂದು ತಲೆಮಾರಿನ ಕಾಲವನ್ನು ಇಟ್ಟುಕೊಂಡರು. 2017ರಲ್ಲಿ ತೈಲ ಮತ್ತು ಅನಿಲದ ವ್ಯವಹಾರವನ್ನು ಇನಿಯೋಸ್ ಕಂಪನಿಗೆ ಮಾರಿ ಓರ್ಸ್ಟೆಡ್ ಎಂದು ಹೆಸರು ಬದಲಿಸಿಕೊಂಡರು. ಗುರಿ 2019ರಲ್ಲೇ ಮುಟ್ಟಿತು. ಅಲ್ಲಿನ ಮ್ಯಾನೇಜರುಗಳು ಬೇರೆಡೆಯವರಿಗಿಂತ ಒಳ್ಳೆಯವರಾಗಿದ್ದರು ಎಂಬ ಕಾರಣಕ್ಕೆ ಇದೆಲ್ಲ ಆಯಿತೆಂದು ನಾನು ನಂಬುವುದಿಲ್ಲ. ಷೇರುಗಳಲ್ಲಿ ಹೆಚ್ಚಿನ ಪಾಲು ಸರ್ಕಾರದ್ದಾಗಿತ್ತು, ಅದು ನೆಚ್ಚಿಕೊಂಡ ಕಡಲ ಗಾಳಿಯಂತ್ರಗಳ ವಿದ್ಯುತ್ತಿಗೆ ಬೆಲೆಯ ಖಾತರಿ ಇತ್ತು, 2012ರ ಸುಮಾರಿಗೆ ಅನಿಲದ ವ್ಯಾಪಾರ ಎಂಥ ಪೆಟ್ಟು ತಿಂದಿತ್ತೆಂದರೆ ಹಳೆಯ ದಾರಿಗೆ ಮರಳುವ ಆಸೆಯೇ ಉಳಿದಿರಲಿಲ್ಲ. ಆ ಕಂಪನಿಯ ದಾರಿಯೂ ಹೂವಿನ ಹಾಸಿಗೆಯಾಗಿ ಉಳಿದಿಲ್ಲ ಎಂಬುದನ್ನೂ ಹೇಳಬೇಕು: 2023ರಲ್ಲಿ ಅಮೆರಿಕದ ಎರಡು ಕಡಲ ಗಾಳಿ ವಿದ್ಯುತ್ ಯೋಜನೆಗಳನ್ನು ಕೈಬಿಟ್ಟು ಅದು ನೂರಾರು ಕೋಟಿ ಡಾಲರ್ ನಷ್ಟವನ್ನು ಲೆಕ್ಕಕ್ಕೆ ಬರೆದುಕೊಳ್ಳಬೇಕಾಯಿತು. ಉಳಿದ ತೈಲ ಕಂಪನಿಗಳ ಸಭೆಗಳಲ್ಲಿ ಓರ್ಸ್ಟೆಡ್‌ನ ಹೆಸರು ಈಗ ಎಚ್ಚರಿಕೆಯ ಮಾತಾಗಿ ಬಂದರೆ ನನಗೆ ಆಶ್ಚರ್ಯವಿಲ್ಲ.

ಪ್ರಶ್ನೆ: ಇಂಗಾಲವನ್ನು ಹಿಡಿದು ನೆಲದಡಿ ಹುಗಿಯುತ್ತೇವೆ ಎನ್ನುವುದು ನಿಜವಾದ ಪರಿಹಾರವೇ, ಕಣ್ಣಿಗೆ ಮಣ್ಣೆರಚುವ ತಂತ್ರವೇ?

ಉತ್ತರ: ತಂತ್ರಜ್ಞಾನ ನಿಜ. ನಾರ್ವೆಯ ಸ್ಲೈಪ್ನರ್ ಅನಿಲ ಕ್ಷೇತ್ರದಲ್ಲಿ 1996ರಿಂದ ಇಂಗಾಲದ ಡೈಆಕ್ಸೈಡನ್ನು ಬೇರ್ಪಡಿಸಿ ಸಮುದ್ರದಡಿಯ ಮರಳುಗಲ್ಲಿನ ಪದರಕ್ಕೆ ತುಂಬುತ್ತಿದ್ದಾರೆ. ಬಹಳ ವರ್ಷ ಅದು ವರ್ಷಕ್ಕೆ ಹತ್ತಿರಹತ್ತಿರ ಹತ್ತು ಲಕ್ಷ ಟನ್ನಿನಷ್ಟಿತ್ತು. ಶುರುವಾದದ್ದಕ್ಕೆ ಕಾರಣವನ್ನೂ ನೋಡಿ: ನಾರ್ವೆ 1991ರಲ್ಲಿ ಕಡಲಾಚೆಯ ತೈಲೋದ್ಯಮದ ಮೇಲೆ ಇಂಗಾಲದ ತೆರಿಗೆ ಹಾಕಿತ್ತು, ಗಾಳಿಗೆ ಬಿಟ್ಟು ತೆರಿಗೆ ಕಟ್ಟುವುದಕ್ಕಿಂತ ಹುಗಿಯುವುದೇ ಲಾಭವೆಂದು ಎಂಜಿನಿಯರುಗಳು ಲೆಕ್ಕ ಹಾಕಿದರು. ತಂತ್ರವಾಗುವುದು ಎಲ್ಲಿ ಎಂದರೆ, ಮುಂದೊಂದು ದಿನ ಹುಗಿಯುತ್ತೇವೆ ಎಂಬ ಭರವಸೆಯನ್ನು ತೋರಿಸಿ ಇಂದು ಹೊಸ ಬಾವಿ ಕೊರೆಯುವಾಗ. ಘೋಷಣೆ ಓದಿದಾಗ, ಈವರೆಗೆ ಎಷ್ಟು ಟನ್ ಹುಗಿದಿದ್ದೀರಿ ಎಂಬ ಒಂದೇ ಅಂಕಿಯನ್ನು ಹುಡುಕಿ.

ಪ್ರಶ್ನೆ: ಮಗ ಮೆಕ್ಯಾನಿಕಲ್ ಎಂಜಿನಿಯರಿಂಗ್ ಮುಗಿಸಿದ್ದಾನೆ. ತೈಲ ಕಂಪನಿಯೊಂದರ ‘ಕಡಿಮೆ ಇಂಗಾಲ’ ವಿಭಾಗದಲ್ಲಿ ಕೆಲಸ ಸಿಗುವ ಹಾಗಿದೆ. ಇಂಥ ವಿಭಾಗಗಳು ನಾಳೆ ಮುಚ್ಚಿಹೋದರೆ ಅವನ ಗತಿಯೇನು? ಸೇರಲಿ ಎನ್ನುತ್ತೀರಾ?

ಉತ್ತರ: ಸೇರಲಿ, ಆದರೆ ಅಲ್ಲಿ ಯಾವ ಕೆಲಸ ಕಲಿಯುತ್ತಾನೆ ಎಂಬುದನ್ನು ನೋಡಿಕೊಂಡು ಸೇರಲಿ. ವಿಭಾಗ ಮುಚ್ಚುವ ಭಯ ಕಾಲ್ಪನಿಕವಲ್ಲ. ಎಕ್ಸಾನ್‌ಮೊಬಿಲ್ 2009ರಲ್ಲಿ ಪಾಚಿಯಿಂದ ಇಂಧನ ತೆಗೆಯಲು 60 ಕೋಟಿ ಡಾಲರ್‌ವರೆಗೆ ತೊಡಗಿಸುವುದಾಗಿ ಹೇಳಿ, ವರ್ಷಗಟ್ಟಲೆ ಜಾಹೀರಾತು ಮಾಡಿ, ಕೊನೆಗೆ 2023ರ ಹೊತ್ತಿಗೆ ಅದರಿಂದ ಕೈತೊಳೆದುಕೊಂಡಿತು. ವರದಿ ಬರೆಯುವ, ಸ್ಲೈಡು ಮಾಡುವ, ಗುರಿಗಳ ಪಟ್ಟಿ ಕಾಯುವ ಕೆಲಸವಾದರೆ ವಿಭಾಗದ ಜೊತೆಗೇ ಅದೂ ಹೋಗುತ್ತದೆ. ಕೊರೆಯುವ, ಒತ್ತಡದ ಪೈಪುಗಳನ್ನು ವಿನ್ಯಾಸಗೊಳಿಸುವ, ಸಮುದ್ರದಲ್ಲಿ ತೇಲುವ ಕಟ್ಟಡ ನಿಲ್ಲಿಸುವ, ಸೋರಿಕೆ ಅಳೆಯುವ ಕೆಲಸವಾದರೆ ಅದು ಅವನ ಕೈಯಲ್ಲೇ ಉಳಿಯುತ್ತದೆ. 2017ರಲ್ಲಿ ಸ್ಕಾಟ್ಲೆಂಡಿನ ಕಡಲಲ್ಲಿ ಕೆಲಸ ಶುರುಮಾಡಿದ 30 ಮೆಗಾವಾಟ್‌ನ ತೇಲುವ ಗಾಳಿ ವಿದ್ಯುತ್ ಸ್ಥಾವರವನ್ನು ಕಟ್ಟಿದ್ದು, ಸಮುದ್ರದಲ್ಲಿ ತೈಲ ವೇದಿಕೆಗಳನ್ನು ಕಟ್ಟಿ ಪಳಗಿದ ಇಕ್ವಿನಾರ್. ಅಮೆರಿಕದ ನೆವಾಡಾದಲ್ಲಿ ಫರ್ವೋ ಎಂಬ ಕಂಪನಿ 2023ರಲ್ಲಿ ಭೂಗರ್ಭದ ಬಿಸಿಯಿಂದ ಸುಮಾರು 3.5 ಮೆಗಾವಾಟ್ ವಿದ್ಯುತ್ ತೆಗೆಯಬಹುದೆಂದು ತೋರಿಸಿದ್ದು, ಶೇಲ್ (ಪದರಗಲ್ಲು) ತೈಲಕ್ಕಾಗಿ ಬೆಳೆಸಿದ್ದ ಅಡ್ಡ ಕೊರೆತದ ವಿಧಾನವನ್ನೇ ಬಳಸಿ. ಅದರ ಸ್ಥಾಪಕರಲ್ಲೊಬ್ಬರು ಹಿಂದೆ ತೈಲಬಾವಿ ಕೊರೆಯುತ್ತಿದ್ದ ಎಂಜಿನಿಯರ್.

ಸಂದರ್ಶನದ ಕೊನೆಯಲ್ಲಿ ನಿನಗೇನಾದರೂ ಕೇಳುವುದಿದೆಯೇ ಎನ್ನುತ್ತಾರಲ್ಲ, ಆಗ ಅವನು ಎರಡು ಪ್ರಶ್ನೆ ಕೇಳಲಿ. ಈ ವಿಭಾಗಕ್ಕೆ ಸ್ವಂತ ಬಜೆಟ್ ಇದೆಯೇ, ಬೇರೆ ವಿಭಾಗದಿಂದ ವರ್ಷ ವರ್ಷ ಕೇಳಿ ಪಡೆಯಬೇಕೇ? ಕಳೆದ ಎರಡು ವರ್ಷಗಳಲ್ಲಿ ಇಲ್ಲಿಂದ ಬಿಟ್ಟುಹೋದ ಹಿರಿಯರು ಎಷ್ಟು ಮಂದಿ, ಅವರ ಜಾಗ ತುಂಬಿದೆಯೇ? ಉತ್ತರ ಕೊಡುವ ಮೊದಲು ಎದುರಿಗಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರೆ, ಬಂದು ನಿಮಗೆ ಹೇಳಲಿ. ಆಗ ಇನ್ನೊಮ್ಮೆ ಬರೆಯಿರಿ.